ಗಿಡ್ಡಕಾಲಿನ ಕೋಳಿಗಳನ್ನು ಜೋಡಿಸುವ ಕ್ರಮ

ಜಪಾನಿನ ಚಾಬೋ ಎಂಬ ಪುಟ್ಟ ಅಲಂಕಾರದ ಕೋಳಿಯಲ್ಲಿಯೂ ಸ್ಕಾಟ್ಲೆಂಡಿನ ಡಂಪಿ ತಳಿಯಲ್ಲಿಯೂ ಕಾಣಬರುವ, ಎದೆಯು ನೆಲವನ್ನು ಮುಟ್ಟುವುದೋ ಎಂಬಷ್ಟು ಗಿಡ್ಡವಾದ ಕಾಲುಗಳು ಕ್ರೀಪರ್ ಎಂಬ ಒಂದು ಪ್ರಬಲ ವಂಶವಾಹಿಯ ಫಲ. ಲಾಂಡವರ್ ಮತ್ತು ಡನ್ ಎಂಬ ವಿಜ್ಞಾನಿಗಳು 1930ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಅನುವಂಶಿಕ ಕ್ರಮವನ್ನು ವಿಶದಪಡಿಸಿತು: ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿಯನ್ನು ಪಡೆದ ಮರಿ ಗಿಡ್ಡಕಾಲಿನದಾಗಿ ಬದುಕುತ್ತದೆ, ಇಬ್ಬರಿಂದಲೂ ಪಡೆದ ಭ್ರೂಣವು ಕಾವಿನ ಮೂರು ನಾಲ್ಕನೆಯ ದಿನಗಳಲ್ಲಿಯೇ ಸಾಮಾನ್ಯವಾಗಿ ಅಸುನೀಗುತ್ತದೆ.

ಗಿಡ್ಡ ಹುಂಜಕ್ಕೆ ಗಿಡ್ಡ ಹೇಂಟೆಯನ್ನೇ ಜೋಡಿಸಿದರೆ ಗಿಡ್ಡ ಮರಿಗಳು ಹೆಚ್ಚಾದಾವು ಎಂಬ ಸಹಜವಾದ ಎಣಿಕೆ ಇಲ್ಲಿ ಪೂರ್ಣವಾಗಿ ತಪ್ಪುತ್ತದೆ. ಅಂಥ ಜೋಡಿಯ 100 ಫಲಿತ ಮೊಟ್ಟೆಗಳಲ್ಲಿ ಸರಾಸರಿ 50 ಗಿಡ್ಡ ಮರಿ, 25 ಉದ್ದಕಾಲಿನ ಮರಿ, 25 ಸತ್ತ ಭ್ರೂಣ. ಗಿಡ್ಡದಕ್ಕೆ ಉದ್ದಕಾಲಿನದನ್ನು ಜೋಡಿಸಿದರೆ 50 ಗಿಡ್ಡ, 50 ಉದ್ದ. ಈ ವಂಶವಾಹಿಯಿಂದ ಸಾವೇ ಇಲ್ಲ. ಗಿಡ್ಡ ಮರಿಗಳ ಸಂಖ್ಯೆ ಎರಡೂ ಕಡೆ ಒಂದೇ ಆಗಿರುವಾಗ, ಕಾಲುಭಾಗ ಜೀವಗಳನ್ನು ವೃಥಾ ಬಲಿಗೊಡುವ ಮೊದಲನೆಯ ಪದ್ಧತಿಯನ್ನು ಸಾಕುವವರು ಇಂದೇ ಕೈಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮೊದಲ ಹೆಜ್ಜೆ, ಕೀಳೆಂದು ಬಗೆದು ಹೊರದೂಡುವ ಉದ್ದಕಾಲಿನ ಒಡಹುಟ್ಟುಗಳನ್ನು ಉಳಿಸಿಕೊಳ್ಳುವುದು. ಅವುಗಳಲ್ಲಿ ಕ್ರೀಪರ್ ವಂಶವಾಹಿ ಲವಲೇಶವೂ ಇರದು. ತಳಿಯ ಬಾಲ, ಜುಟ್ಟು, ಬಣ್ಣಗಳಾದರೋ ಇರುತ್ತವೆ. ಗಿಡ್ಡಕಾಲಿನವಕ್ಕೆ ಇವುಗಳಿಗಿಂತ ತಕ್ಕ ಜೋಡಿ ಬೇರೊಂದಿಲ್ಲ. ಆರಿಸಿದ ಜೋಡಿಯನ್ನು ಬೇರೆ ಗೂಡಿನಲ್ಲಿಟ್ಟ ಬಳಿಕ ಮೂರು ವಾರ ಕಾದು, ಅನಂತರದ ಮೊಟ್ಟೆಗಳನ್ನು ಮಾತ್ರ ತೆಗೆದುಕೊಳ್ಳಬೇಕು, ಏಕೆಂದರೆ ಹಿಂದಿನ ಹುಂಜದ ವೀರ್ಯವು ಹೇಂಟೆಯ ದೇಹದಲ್ಲಿ ಎರಡು ವಾರಕ್ಕೂ ಮಿಕ್ಕಿ ಜೀವಂತವಾಗಿರಬಲ್ಲುದು. ಪ್ರತಿ ಮೊಟ್ಟೆಯ ಮೇಲೂ ಹೇಂಟೆಯ ಗುರುತನ್ನೂ ಇಟ್ಟ ದಿನವನ್ನೂ ಪೆನ್ಸಿಲಿನಿಂದ ಬರೆದು, ಒಂದು ವಾರದೊಳಗೆ ಕಾವಿಗಿಡುವುದು ಯುಕ್ತ.

ಏಳನೆಯ ದಿನ, ಕತ್ತಲೆಯ ಕೋಣೆಯಲ್ಲಿ, ಟಾರ್ಚಿನ ಬೆಳಕಿಗೆ ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡುವುದೇ ಈ ಕಾರ್ಯದಲ್ಲೆಲ್ಲ ಮುಖ್ಯವಾದ ಹೆಜ್ಜೆ. ಜೀವವಿರುವ ಮೊಟ್ಟೆಯಲ್ಲಿ ನಡುವಣ ಕಪ್ಪು ಚುಕ್ಕೆಯಿಂದ ರಕ್ತನಾಳಗಳು ಜೇಡರ ಬಲೆಯಂತೆ ಹರಡಿರುತ್ತವೆ; ಫಲಿಸದ ಮೊಟ್ಟೆ ತಿಳಿಯಾಗಿದ್ದು, ಹಳದಿಯ ನೆರಳೊಂದೇ ತೋರುತ್ತದೆ; ಫಲಿಸಿಯೂ ಮೊದಲ ದಿನಗಳಲ್ಲೇ ಸತ್ತದ್ದರಲ್ಲಿ ಕೆಂಪಾದ ರಕ್ತದ ಉಂಗುರ ಕಾಣುತ್ತದೆ. ಗೊಡ್ಡು ಮೊಟ್ಟೆಯನ್ನೂ ಸತ್ತ ಮೊಟ್ಟೆಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಡುವವರು ಹುಂಜವನ್ನು ನಿಷ್ಕಾರಣವಾಗಿ ನಿಂದಿಸುತ್ತಾರೆ. ಯಾವ ತಳಿಯ ಕಾವಿನಲ್ಲಿಯೂ ಈ ಹಂತದಲ್ಲಿ ಕೆಲವು ಭ್ರೂಣಗಳು ಸಾಯುವುದುಂಟು. ಅದರಿಂದ ಅದೇ ಕಾವಿನ ಯಂತ್ರದಲ್ಲಿ, ಅದೇ ದಿನ, ಉದ್ದಕಾಲಿನ ಜೋಡಿಯ ಮೊಟ್ಟೆಗಳನ್ನೂ ಇಟ್ಟು ಹೋಲಿಸಿದರೆ ಮಾತ್ರ ಸತ್ಯ ತಿಳಿದೀತು.

ಸಾವೆಲ್ಲವನ್ನೂ ವಂಶದ ತಲೆಗೆ ಕಟ್ಟಲಾಗದು. ಹೇಂಟೆಯ ಆಹಾರದಲ್ಲಿ ಮ್ಯಾಂಗನೀಸ್ ಸಾಲದಿದ್ದರೆ ಭ್ರೂಣದ ಕಾಲುಗಳು ಗಿಡ್ಡವಾಗಿ, ಕೊಕ್ಕು ಗಿಳಿಯದರಂತೆ ಬಾಗುತ್ತದೆ. ರೈಬೋಫ್ಲೇವಿನ್ ಸಾಲದಿದ್ದರೆ ನಯವಾಗಿ ಬಿಚ್ಚಿಕೊಳ್ಳಬೇಕಾದ ತುಪ್ಪುಳು ಗಂಟುಗಂಟಾಗಿ ಉಳಿಯುತ್ತದೆ. ಮೇವನ್ನು ಸರಿಪಡಿಸಿದ ಮೇಲೂ ದೋಷವು ಒಂದೇ ಜೋಡಿಯಲ್ಲಿ ಮರಳಿ ಮರಳಿ ತೋರಿದರೆ ಆಗ ವಂಶವನ್ನು ಶಂಕಿಸಬಹುದು.

ಹೊರಗೆ ಯಾವ ಗುರುತನ್ನೂ ತೋರದ ಅಪ್ರಬಲ ಮಾರಕ ವಂಶವಾಹಿಗಳು ಇನ್ನೂ ಕಷ್ಟತರವಾದವು. ಕತ್ತನ್ನು ಹಿಂದಕ್ಕೆ ತಿರುಚಿಕೊಂಡು, ನಿಲ್ಲಲಾರದೆ ಸಾಯುವ ಲೋಕೋ ಮರಿ ಇದಕ್ಕೊಂದು ಉದಾಹರಣೆ. ಅಂಥ ಮರಿ ವಂಶದೋಷದಿಂದಲೇ ಹುಟ್ಟಿತೆಂದು ನಿಶ್ಚಯವಾದರೆ ಅದರ ತಂದೆತಾಯಿಗಳಿಬ್ಬರೂ ವಾಹಕರು. ಸಂದೇಹವಿರುವ ಬೇರೊಂದು ಹುಂಜವನ್ನು ಪರೀಕ್ಷಿಸಲು ಅದನ್ನು ಆ ವಾಹಕ ಹೇಂಟೆಗೆ ಜೋಡಿಸಿ, ಚಿಪ್ಪಿನೊಳಗೆ ಸತ್ತವನ್ನೂ ಒಡೆದು ನೋಡಿ ಲೆಕ್ಕವಿಡಬೇಕು. ಒಂದು ಮರಿಯಲ್ಲಿ ದೋಷ ಕಂಡರೂ ಹುಂಜ ವಾಹಕವೇ. ವಾಹಕವಾಗಿದ್ದೂ 16 ಮರಿಗಳಲ್ಲಿ ಒಂದರಲ್ಲಿಯೂ ದೋಷ ತೋರದಿರುವ ಸಂಭವ ನೂರಕ್ಕೆ ಸುಮಾರು ಒಂದೇ ಆದ್ದರಿಂದ, ಅಷ್ಟೂ ನಿರ್ದೋಷವಾಗಿ ಹೊರಬಂದರೆ ಹುಂಜವನ್ನು ತಳಿಗೆ ಬಳಸಬಹುದು. ವಾಹಕವೆಂದು ತಿಳಿದದ್ದನ್ನು ತಳಿಗೆಂದು ಮಾರಕೂಡದು, ಮಾಂಸಕ್ಕೆ ಬಾಧಕವಿಲ್ಲ.

ಗುಂಗುರು ಗರಿಯ ಕೋಳಿಗೂ ಜೋಡಣೆಯ ನಿಯಮ ಇಂಥದೇ. ಗುಂಗುರಿಗೆ ಗುಂಗುರನ್ನು ಸೇರಿಸಿದರೆ ಮರಿಗಳಲ್ಲಿ ಕಾಲುಭಾಗದವಕ್ಕೆ ಗರಿಗಳು ಮುರಿದು ಉದುರಿ, ಸಾಯದಿದ್ದರೂ ಚಳಿಯಲ್ಲಿ ಬಹಳ ಬಳಲುತ್ತವೆ. ನೇರ ಗರಿಯ ಜೋಡಿಯೇ ಲೇಸು. ಬೋಳುಕತ್ತಿನ ಕೋಳಿಯಲ್ಲಿಯಾದರೋ ಈ ಭಯವಿಲ್ಲ. ಆ ವಂಶವಾಹಿಯು ಮಾರಕವಲ್ಲ, ಸೆಕೆಯನ್ನು ತಾಳಲು ಸಹಾಯಕವೂ ಹೌದು. ಕತ್ತಿನ ಮುಂಭಾಗದ ಬುಡದಲ್ಲಿ ಒಂದು ಗೊಂಚಲು ಗರಿಯುಳ್ಳದ್ದು ಒಬ್ಬರಿಂದ ಪಡೆದದ್ದೆಂದೂ, ಆ ಗೊಂಚಲು ಇಲ್ಲವೇ ಇಲ್ಲವೆನ್ನುವಂತಿರುವುದು ಇಬ್ಬರಿಂದಲೂ ಪಡೆದದ್ದೆಂದೂ ಗುರುತಿಸಿ ಜೋಡಿಯನ್ನು ಆರಿಸಬಹುದು.