ಕೋಲಿನ ನೆರಳು, ಗಣಕದ ಸೂತ್ರ

ಭೂಮಿಯ ಅಕ್ಷವು ಇಪ್ಪತ್ತಮೂರೂವರೆ ಅಂಶ ಓರೆಯಾಗಿದೆಯೆಂದು ಹೇಳದ ವಿದ್ಯಾರ್ಥಿಯಿಲ್ಲ. ಅದನ್ನು ಅಳೆದು ನೋಡಿದವರು ಮಾತ್ರ ವಿರಳ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವೆಲ್ಲವೂ 15 ಅಂಶ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಇಲ್ಲಿಯ ಯಾವ ಶಾಲೆಯ ಅಂಗಳದಲ್ಲಾದರೂ ಈ ಅಳತೆ ಸಾಧ್ಯ.

ಕೊಟ್ಟೂರಿನಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸೋಣ. ಜೂನ್ 21ರಂದು ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಅತಿ ಗಿಡ್ಡ ನೆರಳು ದಕ್ಷಿಣಕ್ಕೆ ಸುಮಾರು 15.1 ಸೆಂ.ಮೀ. ಬೀಳುತ್ತದೆ. ಡಿಸೆಂಬರ್ 21ರ ಸುಮಾರಿಗೆ ಅದು ಉತ್ತರಕ್ಕೆ 78.9 ಸೆಂ.ಮೀ. ಚಾಚುತ್ತದೆ. ಗಡಿಯಾರದ ಹನ್ನೆರಡನ್ನು ನಂಬಬಾರದು. ನಮ್ಮಲ್ಲಿ ಆ ದಿನಗಳ ನಿಜವಾದ ನಡುಹಗಲು ಹನ್ನೆರಡೂವರೆಗೆ ತುಸು ಮುಂಚೆ. ಮುಂಗಾರಿನ ಮೋಡ ಕವಿದರೆ ಚಿಂತೆಯಿಲ್ಲ, ನಾಲ್ಕು ದಿನ ಆಚೀಚೆಯಾದರೂ ವ್ಯತ್ಯಾಸ ಮೂರು ಕಲೆಯಷ್ಟೇ. (60 ಕಲೆಗೆ ಒಂದು ಅಂಶ, 60 ವಿಕಲೆಗೆ ಒಂದು ಕಲೆ.)

ತ್ರಿಕೋನಮಿತಿಯ ಪಟ್ಟಿಯಂತೆ ಈ ನೆರಳುಗಳ ಕೋನಗಳು 8.6 ಮತ್ತು 38.3 ಅಂಶ. ಮೊದಲನೆಯದು ಅಕ್ಷದ ಓರೆಯಲ್ಲಿ ಅಕ್ಷಾಂಶವನ್ನು ಕಳೆದದ್ದು, ಎರಡನೆಯದು ಕೂಡಿದ್ದು. ಆದ್ದರಿಂದ ಎರಡರ ಮೊತ್ತದ ಅರ್ಧ, 23.45, ಅಕ್ಷದ ಓರೆ. ವ್ಯತ್ಯಾಸದ ಅರ್ಧ, 14.85, ಊರಿನ ಅಕ್ಷಾಂಶ. ಒಂದೇ ಕೋಲು ಎರಡು ಉತ್ತರಗಳನ್ನು ಕೊಡುತ್ತದೆ.

ಆದರೆ ಖಗೋಳ ತಂತ್ರಾಂಶವನ್ನು ಬರೆಯುವವನು ಈ ಸಂಖ್ಯೆಯನ್ನು ಸ್ಥಿರಾಂಕವೆಂದು ಇಟ್ಟುಕೊಂಡರೆ ಕೆಲಸ ಕೆಡುತ್ತದೆ. 2000ನೆಯ ಇಸವಿಯ ಆರಂಭದಲ್ಲಿ ಸರಾಸರಿ ಓರೆ 23 ಅಂಶ 26 ಕಲೆ 21.4 ವಿಕಲೆ. ಅಲ್ಲಿಂದ ಮುಂದೆ ಶತಮಾನಕ್ಕೆ ಸುಮಾರು 46.8 ವಿಕಲೆಯಂತೆ ಕಳೆಯಬೇಕು, ಹಿಂದಕ್ಕೆ ಹೋದರೆ ಕೂಡಬೇಕು. ಇದರ ಮೇಲೆ ಚಂದ್ರನ ಸೆಳೆತದಿಂದ 18.6 ವರ್ಷಗಳ ಆವರ್ತದ ತೂಗಾಟ ಬೇರೆ. ಅದು ಓರೆಯನ್ನು 9.2 ವಿಕಲೆಯಷ್ಟು ಹೆಚ್ಚು ಕಡಿಮೆ ಮಾಡುತ್ತದೆ. ಬಹು ದೂರದ ಕಾಲಕ್ಕೆ ಈ ಸರಳ ಲೆಕ್ಕ ಸಾಲದು. ಫ್ರಾನ್ಸಿನ ಲಾಸ್ಕರ್ 1986ರಲ್ಲಿ ಕೊಟ್ಟ ದೀರ್ಘ ಸೂತ್ರವು 2000ದಿಂದ ಹಿಂದೆ ಮುಂದೆ ಹತ್ತು ಸಾವಿರ ವರ್ಷಗಳವರೆಗೆ ಸಲ್ಲುತ್ತದೆ. ಆ ಎಲ್ಲೆಯನ್ನು ಮೀರಿದರೆ ಅದೇ ಸೂತ್ರ ಅಸಂಬದ್ಧ ಉತ್ತರ ಕೊಡುತ್ತದೆ, ಗಣಕಯಂತ್ರವು ಮಾತ್ರ ಎಚ್ಚರಿಸುವುದಿಲ್ಲ.

ಆರ್ಯಭಟನು ಪರಮಕ್ರಾಂತಿಯನ್ನು 24 ಅಂಶವೆಂದನು. ಆಗ ಓರೆ ಅಷ್ಟೇ ಇತ್ತೆಂದು ಕೆಲವರು ಅಭಿಮಾನದಿಂದ ವಾದಿಸುವುದುಂಟು. ಲೆಕ್ಕ ಅದನ್ನು ಒಪ್ಪುವುದಿಲ್ಲ: ಕ್ರಿ.ಶ. 499ಕ್ಕೆ ಬರುವುದು ಸುಮಾರು 23 ಅಂಶ 38 ಕಲೆ. ಉಳಿದ 22 ಕಲೆಯು ಕೊಟ್ಟೂರಿನ ನಮ್ಮ ಕೋಲಿನ ಡಿಸೆಂಬರ್ ನೆರಳಿನಲ್ಲಿ ಒಂದು ಸೆಂಟಿಮೀಟರ್ ಮಾತ್ರ. ಸೂರ್ಯಬಿಂಬದ ಅಗಲವೇ 32 ಕಲೆಯಾದ್ದರಿಂದ ನೆರಳಿನ ತುದಿಯ ಮಸುಕು ಅದಕ್ಕಿಂತ ದೊಡ್ಡದು.