ನೀರಿನ ಹಾದಿ: ಭೂಗೋಳ ಪಾಠದ ಒಂದು ಅಭ್ಯಾಸ

ಭೂಗೋಳವೆಂದರೆ ನದಿಗಳ ಹೆಸರುಗಳನ್ನೂ ರಾಜಧಾನಿಗಳ ಹೆಸರುಗಳನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆತುಬಿಡತಕ್ಕ ವಿಷಯವೆಂದು ಅನೇಕರು ಎಣಿಸುವುದುಂಟು. ಹಾಗೆ ಕಲಿತ ಭೂಗೋಳದಿಂದ ಬಾಲಿಕೆಯರಿಗೆ ಹೆಚ್ಚಿನ ಪ್ರಯೋಜನವಾಗಲಾರದು. ನೆಲದ ಇಳಿಜಾರು, ಮಳೆ, ಕಲ್ಲು, ಮಣ್ಣು ಇವು ಜನರ ಜೀವನವನ್ನು ಹೇಗೆ ರೂಪಿಸುತ್ತವೆ, ಜನರ ನಡವಳಿಕೆಯು ಆ ನೆಲವನ್ನು ಹೇಗೆ ಕಾಪಾಡುತ್ತದೆ ಅಥವಾ ಕೆಡಿಸುತ್ತದೆ ಎಂಬುದನ್ನು ತಿಳಿಸುವುದೇ ಈ ಶಾಸ್ತ್ರದ ಮುಖ್ಯ ಕೆಲಸವು. ಇದನ್ನು ದೂರದ ಖಂಡಗಳಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ. ಮನೆಯ ಕೊಡದಲ್ಲಿರುವ ನೀರಿನಿಂದ ಆರಂಭಿಸಬಹುದು. ಈ ನೀರು ಎಲ್ಲಿಂದ ಬಂತು? ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಇದರ ಭಾರವನ್ನು ಹೊರುವವರು ಯಾರು? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಲಾರ ಮತ್ತು ಬೆಂಗಳೂರು ಸೀಮೆಗಳ ನಕ್ಷೆಯನ್ನು ಒಮ್ಮೆ ಪರಿಶೀಲಿಸೋಣ.

ನೆಲದ ರಚನೆ

ನಂದಿಬೆಟ್ಟದ ಸುತ್ತಣ ಬೆಟ್ಟಸೀಮೆಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರು, ಅರ್ಕಾವತಿ ಎಂಬ ನದಿಗಳು ಹುಟ್ಟುತ್ತವೆ. ಇಷ್ಟು ನದಿಗಳಿಗೆ ತವರಾದ ಸೀಮೆಯಲ್ಲಿ ನೀರಿಗೇನು ಕೊರತೆಯೆಂದು ನಕ್ಷೆಯನ್ನು ಮೊದಲ ಸಲ ನೋಡುವ ಹುಡುಗಿಯು ಕೇಳಾಳು. ಉತ್ತರವು ಅದೇ ನಕ್ಷೆಯಲ್ಲಿದೆ. ಈ ನದಿಗಳು ತವರಿನಲ್ಲಿ ಸಣ್ಣ ಹಳ್ಳಗಳಾಗಿದ್ದು, ಕೆಳಗಣ ನಾಡುಗಳನ್ನು ಸೇರಿದ ಮೇಲೆಯೇ ದೊಡ್ಡವಾಗುವವು. ದಿಣ್ಣೆಯ ಮೇಲಿರುವ ಊರಿಗೆ ಬೇರೆಡೆಯಿಂದ ಹರಿದು ಬರುವ ನೀರಿಲ್ಲ. ಬಿದ್ದ ಮಳೆಯೇ ಗತಿ. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲಾ ಹರಿಯುವ ನದಿಯೊಂದೂ ಇಲ್ಲ. ಮಳೆಯಾದರೋ ವರ್ಷಕ್ಕೆ ಸುಮಾರು 700 ಮಿಲಿಮೀಟರು. ಅದೂ ಕೆಲವೇ ತಿಂಗಳುಗಳಲ್ಲಿ ಸುರಿದುಹೋಗುವುದು.

ಕೆರೆಗಳ ಸಾಲು

ಈ ನೆಲದ ಗುಣವನ್ನರಿತ ಹಿರಿಯರು ತಗ್ಗು ಕಂಡಲ್ಲೆಲ್ಲಾ ಏರಿ ಹಾಕಿ ಕೆರೆಗಳನ್ನು ಕಟ್ಟಿಸಿದರು. ಇಂಥ ಕೆರೆಗಳು ಈ ಸೀಮೆಯಲ್ಲಿ ಸಾವಿರಾರು ಇವೆ. ಇವು ಒಂದೊಂದಾಗಿ ಬೇರೆ ಬೇರೆಯಾಗಿಲ್ಲ, ಮಣಿಗಳಂತೆ ಸಾಲಾಗಿವೆ ಎಂಬುದನ್ನು ವಿದ್ಯಾರ್ಥಿನಿಯರು ಮುಖ್ಯವಾಗಿ ಗಮನಿಸಬೇಕು. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಣ ಕೆರೆಗೆ ಸೇರುವುದು. ತೂಬನ್ನು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದಕ್ಕೆ ನೀರುಗಂಟಿ ಎಂಬವನಿದ್ದನು. ಮೇಲಣ ಊರಿನವರು ಕಾಲುವೆಯನ್ನು ಒತ್ತಿಕೊಂಡರೆ ಅಥವಾ ಹೂಳು ತೆಗೆಯದೆ ಬಿಟ್ಟರೆ ಕಷ್ಟವು ಅವರಿಗೆ ಮಾತ್ರವೇ ಬರುವುದಿಲ್ಲ, ಕಂಡರಿಯದ ಕೆಳಗಣ ಊರಿನವರಿಗೂ ಬರುವುದು. ಆದುದರಿಂದ ಕೆರೆಯ ಸಾಲೆಂಬುದು ನೀರಿನ ಏರ್ಪಾಡಾಗಿರುವಂತೆಯೇ ಊರು ಊರುಗಳ ನಡುವಣ ಒಂದು ಒಪ್ಪಂದವೂ ಆಗಿದೆ.

ಕೊಳವೆಬಾವಿ

ಕೊಳವೆಬಾವಿ ಬಂದ ಮೇಲೆ ಈ ಒಪ್ಪಂದವು ಸಡಿಲವಾಯಿತು. ತನ್ನ ಹೊಲದಲ್ಲೇ ನೀರು ಸಿಕ್ಕುವವನಿಗೆ ಕೆರೆಯ ಹೂಳಿನ ಚಿಂತೆ ಏತಕ್ಕೆ? ಆದರೆ ಈ ಸೀಮೆಯ ಅಡಿಯಲ್ಲಿರುವುದು ಗಟ್ಟಿಯಾದ ಕಲ್ಲು. ನೀರು ಅದರ ಬಿರುಕುಗಳಲ್ಲಿ ಮಾತ್ರ ನಿಲ್ಲುವುದು. ಮಳೆಯು ತುಂಬುವುದಕ್ಕಿಂತ ಹೆಚ್ಚಾಗಿ ಎತ್ತುತ್ತಾ ಬಂದುದರಿಂದ ಕೊಳವೆಗಳು 1000 ಅಡಿಗಿಂತಲೂ ಆಳಕ್ಕೆ ಇಳಿದುವು. ಆಳಕ್ಕೆ ಕೊರೆಯಿಸಲು ಹಣವುಳ್ಳವನಿಗೆ ನೀರು ಸಿಕ್ಕಿತು. ಇಲ್ಲದವನ ತೆರೆದ ಬಾವಿ ಬತ್ತಿಹೋಯಿತು.

ಇನ್ನೊಂದು ಕೇಡೂ ಉಂಟು. ಈ ಕಲ್ಲುಗಳಲ್ಲಿ ಫ್ಲೋರೈಡು ಎಂಬ ಲವಣವಿದೆ. ಬಹುಕಾಲ ಆಳದಲ್ಲಿ ನಿಂತ ನೀರು ಅದನ್ನು ಕರಗಿಸಿಕೊಳ್ಳುವುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1.5 ಮಿಲಿಗ್ರಾಮಿಗಿಂತ ಹೆಚ್ಚಾಗಿರಬಾರದು. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಬೀಳುತ್ತವೆ. ಬಹುವರ್ಷ ಕುಡಿದವರ ಮೂಳೆಗಳೂ ಕೀಲುಗಳೂ ಬಿಗಿಯುತ್ತವೆ. ನೀರನ್ನು ಕುದಿಸಿದರೆ ಇದು ಹೋಗುವುದಿಲ್ಲವೆಂಬುದನ್ನು ಪ್ರತಿಯೊಬ್ಬ ಹುಡುಗಿಯೂ ತಿಳಿದಿರಬೇಕು. ಹಲ್ಲಿನ ಕಲೆಯನ್ನು ಕಂಡು ಒಬ್ಬಳನ್ನು ಹಾಸ್ಯಮಾಡುವವರು, ಅದು ಅವಳ ಅಶುಚಿಯಿಂದಲ್ಲ, ಅವಳ ಊರಿನ ನೀರಿನಿಂದ ಬಂದುದೆಂದು ತಿಳಿದರೆ ನಾಚಿಕೊಂಡಾರು.

ಪಟ್ಟಣದ ನೀರು

ಈಗ ಪಡುವಣ ಕಡೆಗೆ, ನೆರೆಯ ಬೆಂಗಳೂರಿಗೆ ಬರೋಣ. ಇದೂ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಣ ಊರೇ. ದಿಣ್ಣೆಯ ಪಡುವಲಿಗೆ ಬಿದ್ದ ಮಳೆಯು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನೂ, ಮೂಡಲಿಗೆ ಬಿದ್ದುದು ದಕ್ಷಿಣ ಪಿನಾಕಿನಿಯನ್ನೂ ಸೇರುವುದು. ಊರು ಬೆಳೆದಂತೆ ಕೆರೆಗಳು ಸಾಲದೆ ಮೊದಲು ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ನೀರು ತರಿಸಲಾಯಿತು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆ ಏರಿ ಬರಬೇಕಾಗಿದೆ.

ಹೀಗೆ ಶ್ರಮಪಟ್ಟು ತಂದ ನೀರು ಬಳಸಿದ ಮೇಲೆ ಎಲ್ಲಿಗೆ ಹೋಗುವುದು? ನಿಸರ್ಗದ ಇಳಿಜಾರಿನಂತೆ ಕೆಳಗಣ ಕೆರೆಗಳಿಗೇ. ಮೂಡಲ ಭಾಗದ ಕೊಳಚೆಯು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರಿತು. ಬೆಳ್ಳಂದೂರು ಕೆರೆಯ ಮೇಲೆ ನೊರೆ ಎದ್ದು, 2015ರಲ್ಲಿಯೂ ಅನಂತರವೂ ಬೆಂಕಿ ಕಾಣಿಸಿಕೊಂಡಿತು. ನೀರಿನ ಮೇಲೆ ಬೆಂಕಿ ಎಂಬ ಮಾತು ಕಥೆಯಂತೆ ಕೇಳುವುದಾದರೂ ಅದು ನಡೆದ ಸಂಗತಿಯು.

2018ರ ಜೂನ್ ತಿಂಗಳಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ಬಿಡತೊಡಗಿದರು. ಬಹುಕಾಲ ಒಣಗಿದ್ದ ಕೆರೆಗಳು ತುಂಬಿದುವು, ಸುತ್ತಣ ಬಾವಿಗಳಲ್ಲಿ ನೀರು ಮೇಲೆದ್ದಿತು ಎಂದು ಸಂತೋಷಪಡುವ ರೈತರುಂಟು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ನೆಲದೊಳಗೆ ಇಂಗಿದರೆ ಮುಂದಿನ ತಲೆಯವರ ಗತಿಯೇನೆಂದು ನ್ಯಾಯಸ್ಥಾನದವರೆಗೆ ಹೋದವರೂ ಉಂಟು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಒಬ್ಬರನ್ನು ಮೆಚ್ಚಿ ಇನ್ನೊಬ್ಬರನ್ನು ಹಳಿಯುವುದಕ್ಕೆ ಮುಂಚೆ, ನೀರನ್ನು ಪರೀಕ್ಷಿಸಿದ ಲೆಕ್ಕವನ್ನು ವರ್ಷವರ್ಷವೂ ಕೇಳಿ ಓದುವ ಅಭ್ಯಾಸವನ್ನು ನಮ್ಮ ಹುಡುಗಿಯರು ಬೆಳೆಸಿಕೊಳ್ಳಬೇಕು.

ತರಗತಿಯಲ್ಲಿ ಮಾಡತಕ್ಕ ಕೆಲಸ

ಮೊದಲನೆಯದಾಗಿ, ಪ್ರತಿಯೊಬ್ಬಳೂ ತನ್ನ ಊರಿನ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು ನೋಡಿ ದಿಣ್ಣೆಯನ್ನೂ ತಗ್ಗನ್ನೂ ಬೇರೆ ಬೇರೆ ಬಣ್ಣಗಳಿಂದ ಗುರುತಿಸಲಿ. ತನ್ನ ಊರಿನ ಕೆರೆಗೆ ಮೇಲಣ ಕೆರೆ ಯಾವುದು, ಕೆಳಗಣ ಕೆರೆ ಯಾವುದು ಎಂದು ಬರೆಯಲಿ. ಎರಡನೆಯದಾಗಿ, ಕೆರೆಯ ಬಳಿಗೆ ಹೋಗಿ ಏರಿ, ತೂಬು, ಕೋಡಿಗಳು ಈಗ ಯಾವ ಸ್ಥಿತಿಯಲ್ಲಿವೆಯೆಂದು ನೋಡಿಬರಲಿ. ಮೂರನೆಯದಾಗಿ, ಮನೆಯ ಅಜ್ಜಿಯನ್ನು ಕೇಳಿ, ಹಿಂದೆ ನೀರು ಎಲ್ಲಿಂದ ತರುತ್ತಿದ್ದರೆಂಬುದನ್ನು ತಿಳಿದುಕೊಳ್ಳಲಿ. ನಾಲ್ಕನೆಯದು ಒಂದು ಲೆಕ್ಕ: ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರಾಗುವುದು, 15 ಲೀಟರಿನ ಕೊಡಗಳಿಂದ ಅಳೆದರೆ 6800ಕ್ಕೂ ಹೆಚ್ಚು ಕೊಡ. ಅದರಲ್ಲಿ ನಮ್ಮ ಶಾಲೆಯ ಚಾವಣಿಯ ಪಾಲೆಷ್ಟು, ಅದು ಈಗ ಎಲ್ಲಿಗೆ ಹರಿದುಹೋಗುತ್ತಿದೆ ಎಂಬುದನ್ನು ಅವರೇ ಕಂಡುಹಿಡಿಯಲಿ.

ನೀರಿನ ಪಾಠವು ಹುಡುಗಿಯರಿಗೆ ವಿಶೇಷವಾಗಿ ಸೇರಿದ್ದು. ಊರಿನ ನಲ್ಲಿ ನಿಂತಾಗ ಕೊಡ ಹಿಡಿದು ದೂರ ನಡೆಯುವವಳು ಸಾಮಾನ್ಯವಾಗಿ ತಾಯಿ, ಇಲ್ಲವೆ ಮಗಳು. ಆ ದಿನ ಶಾಲೆಯ ಹಾಜರಿಯಲ್ಲಿ ಬೀಳುವ ಗೈರುಗುರುತಿಗೂ ಭೂಗೋಳಕ್ಕೂ ಸಂಬಂಧವುಂಟು. ಆದರೆ ಹೆಣ್ಣುಮಕ್ಕಳು ಈ ಭಾರವನ್ನು ಹೊರುವವರಾಗಿ ಮಾತ್ರ ಉಳಿಯಬೇಕಾಗಿಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಡಬೇಕೆಂದು 2010ರಲ್ಲಿ ಕಾನೂನಾಯಿತು. ಎಲ್ಲಿ ಕೊಳವೆ ಕೊರೆಯಬೇಕು, ಯಾವ ಕಾಲುವೆಯ ಒತ್ತುವರಿಯನ್ನು ತೆಗೆಯಿಸಬೇಕು, ಯಾವ ಕೆರೆಯ ಹೂಳೆತ್ತಬೇಕು ಎಂಬ ಮಾತು ಬಂದಾಗ ಆ ಸ್ಥಾನಗಳಲ್ಲಿ ಕುಳಿತಿರುವವರು ಇಂದು ನಮ್ಮ ಬೆಂಚುಗಳ ಮೇಲಿರುವ ಬಾಲಿಕೆಯರೇ ಆಗಬಹುದು. ಮುಂದಿಟ್ಟ ನಕ್ಷೆಯನ್ನು ತಾವೇ ಓದಿ, ತಮ್ಮ ಊರಿನ ಹಿತದೊಂದಿಗೆ ಕೆಳಗಣ ಊರಿನ ಹಿತವನ್ನೂ ಕೂಡಿಸಿ ಮಾತನಾಡಬಲ್ಲವರಾದರೆ, ಅವರು ಭೂಗೋಳವನ್ನು ಚೆನ್ನಾಗಿ ಕಲಿತರೆಂದು ತಿಳಿಯಬಹುದು.