ಅಜ್ಜಿಯ ಕೋಣೆಯ ಸ್ಪೀಕರ್: ಊರಿಗೆ ಬರುವ ತಮ್ಮನಿಗೊಂದು ಪತ್ರ

ಬೆಟಗೇರಿ



ನಿನ್ನ ಹೆಸರು ನನಗೆ ಗೊತ್ತಿಲ್ಲ. ಆದರೂ ನಿನ್ನ ವಾರಿಗೆಯವರನ್ನು ಪ್ರತಿ ಯುಗಾದಿಗೆ, ದೀಪಾವಳಿಗೆ ನೋಡುತ್ತೇನೆ. ಬೆಂಗಳೂರಿಂದಲೋ ಪುಣೆಯಿಂದಲೋ ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ, ಮುಂಡರಗಿಗೆ ಬರುತ್ತೀರಿ. ಬ್ಯಾಗಿನಲ್ಲಿ ಅವ್ವನಿಗೊಂದು ಸೀರೆ, ಅಜ್ಜಿಗೊಂದು ಮಾತಾಡುವ ಸ್ಪೀಕರ್. ಸಂಜೆಯೊಳಗೆ ಅದನ್ನು ಮನೆಯ ವೈ-ಫೈಗೆ ಜೋಡಿಸಿ, ನಾಲ್ಕು ಹಾಡು ಹಾಕಿಸಿ, ಎಲ್ಲರನ್ನೂ ಬೆರಗುಗೊಳಿಸಿ ಬಸ್ಸು ಹತ್ತುತ್ತೀರಿ. ತಿಂಗಳೆರಡು ತಿಂಗಳಲ್ಲಿ ಮನೆಯ ರೂಟರ್ ಬದಲಾಗುತ್ತದೆ, ಇಲ್ಲವೇ ಯಾರೋ ಪಾಸ್‌ವರ್ಡ್ ಬದಲಿಸುತ್ತಾರೆ. ಇಂಟರ್ನೆಟ್ ಸಿಗುತ್ತಿಲ್ಲವೆಂದು ಸ್ಪೀಕರ್ ಇಂಗ್ಲಿಷಿನಲ್ಲಿ ಹೇಳುತ್ತದೆ, ಅಜ್ಜಿಗೆ ಅದು ತಿಳಿಯುವುದಿಲ್ಲ. "ಹುಡುಗ ಬರೋತನಕ ಹಂಗ ಇರ್ಲಿ ಬಿಡ್ರಿ" ಎಂದು ಅದರ ಮೇಲೊಂದು ಅರಿವೆ ಹೊದಿಸಿ ಇಡುತ್ತಾರೆ. ಅರಿವೆ ಹೊದ್ದು ಕೂತ ಇಂಥ ಸ್ಪೀಕರುಗಳನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕೇ ಈ ಪತ್ರ.

ರೇಡಿಯೊ, ಟಿವಿ ರಿಪೇರಿ ಮಾಡುತ್ತ ಬದುಕು ಕಟ್ಟಿಕೊಂಡವನು ನಾನು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಶುರುವಾದ ಮೇಲೆ ನಮ್ಮ ಈ ಭಾಗದಲ್ಲಿ ರೇಡಿಯೊ ಮನೆಯ ಹಿರಿಯರಲ್ಲಿ ಒಬ್ಬರಂತಾಯಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು, ನಿಜ. ಆದರೆ ಕಟ್ಟಿದ ಮೇಲೆ ಅದು ಮನೆಯವರಿಂದ ಮತ್ತೇನನ್ನೂ ಕೇಳುತ್ತಿರಲಿಲ್ಲ. ಯಾರು ಬೇಕಾದರೂ ಗುಂಡಿ ತಿರುಗಿಸಬಹುದಿತ್ತು. ಈ ಸ್ಪೀಕರ್ ಹಾಗಲ್ಲ. ಇದಕ್ಕೆ ಖಾತೆ ಬೇಕು, ವೈ-ಫೈ ಹೆಸರು ಬೇಕು, ಪಾಸ್‌ವರ್ಡ್ ಬೇಕು. ಈ ಮೂರೂ ನಿನ್ನ ಫೋನಿನಲ್ಲೇ ಉಳಿದರೆ, ಸ್ಪೀಕರ್ ಅಜ್ಜಿಯ ಕೋಣೆಯಲ್ಲಿದ್ದೂ ನಿನ್ನದೇ ಆಗಿರುತ್ತದೆ.

ಜೋಡಿಸುವಾಗ ಒಳಗೆ ನಡೆಯುವುದೇನು ಎಂಬುದನ್ನು ಮೊದಲು ತಿಳಿದುಕೋ. ಸ್ಪೀಕರಿಗೆ ಪರದೆಯಿಲ್ಲ, ಅಕ್ಷರ ಒತ್ತುವ ಗುಂಡಿಗಳಿಲ್ಲ, ಹಾಗಾಗಿ ತಾನೇ ಪಾಸ್‌ವರ್ಡ್ ಬರೆದುಕೊಳ್ಳಲಾರದು. ನಿನ್ನ ಫೋನು ಬ್ಲೂಟೂತ್ ಮೂಲಕವೋ, ಸ್ಪೀಕರ್ ತಾನೇ ಸ್ವಲ್ಪ ಹೊತ್ತು ಹೊರಡಿಸುವ ಸಿಗ್ನಲ್ ಮೂಲಕವೋ ವೈ-ಫೈ ಹೆಸರನ್ನೂ ಪಾಸ್‌ವರ್ಡನ್ನೂ ಅದಕ್ಕೆ ತಲುಪಿಸುತ್ತದೆ. ಫೋನಿನಲ್ಲಿ ಬ್ಲೂಟೂತ್, ಲೊಕೇಶನ್ ಎರಡನ್ನೂ ಆನ್ ಮಾಡು ಎಂದು ಆ್ಯಪ್ ಕೇಳುವುದು ಇದಕ್ಕೇ. ಒಮ್ಮೆ ತಲುಪಿತೆಂದರೆ ಸ್ಪೀಕರ್ ಅದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ತಾನೇ ರೂಟರನ್ನು ಹುಡುಕಿಕೊಳ್ಳುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಆ ಒಂದು ಹೆಸರು, ಆ ಒಂದು ಪಾಸ್‌ವರ್ಡ್ ಅಷ್ಟೇ. ದೊಡ್ಡಕ್ಷರದ ಜಾಗದಲ್ಲಿ ಸಣ್ಣಕ್ಷರ ಬಂದರೂ ಅದು ಹೊರಗೇ ನಿಲ್ಲುತ್ತದೆ.

ಹೊಸ ರೂಟರ್ ಬಂದಾಗ ಬಹಳ ಜನರಿಗೆ ತಿಳಿಯದ ಒಂದು ಉಪಾಯವುಂಟು. ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಚಾಚೂ ತಪ್ಪದೆ ಕೊಡಿಸಬೇಕು. ಆಗ ಸ್ಪೀಕರ್, ಟಿವಿ, ವೈ-ಫೈ ಬಲ್ಬು ಎಲ್ಲ ಸಾಮಾನ್ಯವಾಗಿ ಯಾರೂ ಮುಟ್ಟದೆಯೇ ಮತ್ತೆ ಸೇರಿಕೊಳ್ಳುತ್ತವೆ. ಕೇಬಲ್ಲಿನ ಹುಡುಗ ರೂಟರ್ ಕೂರಿಸಲು ಬಂದಾಗ ಈ ಒಂದು ಮಾತು ಹೇಳಲು ಅಪ್ಪನಿಗೆ ಕಲಿಸಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಪಾಸ್‌ವರ್ಡನ್ನು ಮನೆಯ ಲೆಕ್ಕದ ವಹಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡು. ಕ್ಯಾಲೆಂಡರಿನ ಮೇಲೆ ಬೇಡ, ಪಡಸಾಲೆಗೆ ಬಂದವರೆಲ್ಲ ಓದುತ್ತಾರೆ. ಅಪ್ಪನ ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡುವುದೂ ಬೇಡ, ಅದು ಇಡೀ ಓಣಿಗೆ ಗೊತ್ತು.

ಇನ್ನು ನಮ್ಮ ಮನೆಗಳ ಗೋಡೆಯ ಮಾತು. ಪೇಟೆಯ ಫ್ಲ್ಯಾಟಿನಲ್ಲಿ ನಡೆದದ್ದು ಮುಂಡರಗಿಯ ಮಾಳಿಗೆ ಮನೆಯಲ್ಲಿ ನಡೆಯುವುದಿಲ್ಲ. ಕಲ್ಲು ಮಣ್ಣಿನ ಗೋಡೆ ಒಂದೂವರೆ, ಎರಡು ಅಡಿ ದಪ್ಪ. ವೈರು ಬೀದಿಯಿಂದ ಬರುವುದರಿಂದ ರೂಟರನ್ನು ತಲಬಾಗಿಲ ಹತ್ತಿರವೇ ಮೊಳೆ ಹೊಡೆದು ಕೂರಿಸಿರುತ್ತಾರೆ. ಅಜ್ಜಿಯ ಹಾಸಿಗೆ ಇರುವುದು ಒಳಗಿನ ಕೋಣೆಯಲ್ಲಿ. ರೂಟರುಗಳು ಸಾಮಾನ್ಯವಾಗಿ ಎರಡು ಬಗೆಯ ಅಲೆ ಕೊಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದ್ದು ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. 2.4ರದ್ದು ನಿಧಾನವಾದರೂ ಗೋಡೆ ದಾಟಿ ಒಳಗೆ ಬರುತ್ತದೆ. ವಚನ ಕೇಳಲು ಆ ವೇಗ ಧಾರಾಳ. ಒಳಕೋಣೆಯ ಸ್ಪೀಕರನ್ನು ಅದಕ್ಕೇ ಜೋಡಿಸು. ಮುಂದೆ ಬಲ್ಬು, ಪ್ಲಗ್ಗು ತಂದರೂ ಅವುಗಳಲ್ಲಿ ಬಹುಪಾಲು 2.4ನ್ನು ಮಾತ್ರ ಹಿಡಿಯುತ್ತವೆ.

ಜಾಗ ಆರಿಸುವ ಮೊದಲು ನಿನ್ನ ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ, ಬರೀ ವೈ-ಫೈ ಮೇಲೆ ಆ ಜಾಗದಲ್ಲೇ ಒಂದು ವಿಡಿಯೊ ಹಚ್ಚಿ ನೋಡು. ನಿಂತು ನಿಂತು ಓಡಿದರೆ ಸ್ಪೀಕರೂ ಅಲ್ಲಿ ತಡವರಿಸುತ್ತದೆ. ಕಬ್ಬಿಣದ ತಿಜೋರಿಯ ಹಿಂದೆ ಇಡಬೇಡ. ಗೋಡೆಗೆ ಆನಿಸದೆ ಒಂದು ಗೇಣು ಬಿಟ್ಟು ಇಡು, ಮಾತು ಅದಕ್ಕೆ ಸ್ವಚ್ಛವಾಗಿ ಕೇಳುತ್ತದೆ. ನಮ್ಮ ಬೆಟಗೇರಿಯಲ್ಲಿ ಮನೆಯೊಳಗೇ ಮಗ್ಗ ನಡೆಯುವ ಮನೆಗಳಿವೆ. ಮಗ್ಗದ ಕೋಣೆಯಲ್ಲಿ ಸ್ಪೀಕರ್ ಇಟ್ಟು, ಕೂಗಿದರೂ ಓಗೊಡುವುದಿಲ್ಲ ಎಂದು ಬೇಸರಪಟ್ಟವರಿದ್ದಾರೆ. ಆ ಸದ್ದಿನಲ್ಲಿ ಮನುಷ್ಯರಿಗೇ ಕೂಗು ಕೇಳಿಸದು.

ಕರೆಂಟಿನ ವಿಷಯವನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳು. ಕರೆಂಟ್ ಹೋಗಿ ಬಂದಾಗ ಸ್ಪೀಕರ್ ಮೊದಲು ಏಳುತ್ತದೆ, ರೂಟರ್ ಸಜ್ಜಾಗಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಆ ನಡುವೆ "ಇದು ಯಾಕ ಮಾತಾಡವಲ್ದು?" ಎಂದು ವೈರು ಕಿತ್ತು ಹಾಕಿ ಮಾಡಬಾರದು, ಐದು ನಿಮಿಷ ಕಾಯಬೇಕು. ಆಗಲೂ ಬರದಿದ್ದರೆ ರೂಟರ್ ಡಬ್ಬಿಯ ದೀಪ ನೋಡಬೇಕು. ಎಲ್‌ಓಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್ ಕೇಬಲ್ಲೇ ಎಲ್ಲೋ ತುಂಡಾಗಿರಬಹುದು. ಕಪ್ಪತಗುಡ್ಡದ ಕಡೆಯಿಂದ ಜೋರು ಗಾಳಿಮಳೆ ಬಂದ ರಾತ್ರಿಗಳಲ್ಲಿ ಇದು ಆಗುವುದುಂಟು. ಆಗ ಕೇಬಲ್ಲಿನವರಿಗೆ ಫೋನ್ ಮಾಡುವುದೊಂದೇ ದಾರಿ. ಎಲ್ಲಕ್ಕಿಂತ ಮುಖ್ಯ, ರೂಟರಿನ ಹಿಂದಿರುವ ಸಣ್ಣ ತೂತಿಗೆ ಯಾರೂ ಗುಂಡುಪಿನ್ನು ಚುಚ್ಚಬಾರದು. ಅದರೊಳಗೆ ಬರೆದಿಟ್ಟದ್ದೆಲ್ಲ ಅಳಿಸಿಹೋಗಿ ಮನೆಗೆ ಮನೆಯೇ ಇಂಟರ್ನೆಟ್ ಇಲ್ಲದೆ ಕೂರುತ್ತದೆ. ರೂಟರಿಗೊಂದು ಸಣ್ಣ ಯುಪಿಎಸ್ ತಂದುಕೊಟ್ಟರೆ ಒಳ್ಳೆಯದು, ಮುಂದಿನ ಹಬ್ಬಕ್ಕೆ ಅದನ್ನೇ ತಾ.

ಭಾಷೆಯ ಸಂಗತಿ ನನ್ನ ಮನಸ್ಸಿಗೆ ತಾಗುವಂಥದು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ಸೀಮೆಯ ಒಂದು ಮೂಲೆ ಅದು. ಸ್ಪೀಕರಿನೊಳಗೆ ಮಾತಾಡುವ ಅಲೆಕ್ಸಾ 2017ರಲ್ಲಿ ಭಾರತಕ್ಕೆ ಬಂತು, 2019ರಲ್ಲಿ ಹಿಂದಿ ಕಲಿಯಿತು. ಆದರೆ ಅದೇ ಪುಲಿಗೆರೆಯ ಅಜ್ಜಿ ಕನ್ನಡದಲ್ಲಿ ಕರೆದರೆ ಕನ್ನಡದಲ್ಲಿ ಓಗೊಡುವುದನ್ನು ಕಲಿತಿಲ್ಲ. ಕನ್ನಡದ ಹಾಡು ಕೇಳಿಸುತ್ತದೆ, ಸಂಭಾಷಣೆ ಮಾತ್ರ ಇಂಗ್ಲಿಷು ಇಲ್ಲವೇ ಹಿಂದಿ. ಇದು ಬದಲಾಗಬೇಕು, ನಿಮ್ಮಂಥ ಕಲಿತ ಹುಡುಗರು ಕಂಪನಿಗಳಿಗೆ ಬರೆದು ಕೇಳುತ್ತಲೇ ಇರಬೇಕು. ಅಲ್ಲಿಯತನಕ ಅಜ್ಜಿಗೆ ಇಂಗ್ಲಿಷ್ ಬಾಯಿಪಾಠ ಮಾಡಿಸಿ ನಗಬೇಡಿ. ಆ್ಯಪಿನಲ್ಲಿ ರೂಟೀನ್ ಎಂಬ ಸೌಲಭ್ಯವಿದೆ. ಬೆಳಗಿನ ಐದೂವರೆಗೆ ವಚನ, ಸಂಜೆಗೆ ಭೀಮಸೇನ ಜೋಶಿಯವರ ದಾಸರ ಪದ ಎಂದು ಹೊತ್ತು ಗೊತ್ತುಮಾಡಿ ಇಟ್ಟರೆ, ಅಜ್ಜಿ ಬಾಯಿ ತೆರೆಯದೆಯೇ ಹಾಡು ಶುರುವಾಗುತ್ತದೆ. ನಿಲ್ಲಿಸಲು "ಅಲೆಕ್ಸಾ, ಸ್ಟಾಪ್" ಒಂದು ಕಲಿತರೆ ಸಾಕು.

ಮನೆಯಲ್ಲಿ ಕಣ್ಣು ಕಾಣದವರಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೊಡು. ನಮ್ಮ ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಕಿವಿಯ ಮೂಲಕವೇ ವಿದ್ಯೆ ಕೊಟ್ಟರು. ಇಬ್ಬರೂ ಸ್ವತಃ ಕಣ್ಣಿಲ್ಲದವರು. ಅಂಥವರಿಗೆ ಸ್ಪೀಕರಿನ ನೀಲಿ, ಕಿತ್ತಳೆ, ಕೆಂಪು ದೀಪಗಳಿಂದ ಏನೂ ಉಪಯೋಗವಿಲ್ಲ. ಸೆಟ್ಟಿಂಗಿನಲ್ಲಿ, ಕರೆದಾಗ ಒಂದು ಸಣ್ಣ ನಾದ ಬರುವಂತೆ ಮಾಡುವ ಆಯ್ಕೆಯಿದೆ, ಅದನ್ನು ಆನ್ ಮಾಡು. ಆಗ ಸ್ಪೀಕರ್ ಕೇಳಿಸಿಕೊಳ್ಳುತ್ತಿದೆ ಎಂಬುದು ಅವರಿಗೆ ತಿಳಿಯುತ್ತದೆ. ಮೈಕ್ ಬಂದ್ ಮಾಡುವ ಗುಂಡಿಯ ಮೇಲೆ ಒಂದು ಹನಿ ಫೆವಿಕಾಲ್ ಬಿಟ್ಟು ಒಣಗಿಸು. ಬೆರಳಿಗೆ ಉಬ್ಬು ಸಿಗುತ್ತದೆ, ಹುಡುಕಾಡಬೇಕಿಲ್ಲ.

ಆ ಮೈಕಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಲೆಕ್ಸಾದಲ್ಲಿ ಡ್ರಾಪ್ ಇನ್ ಎಂಬುದಿದೆ. ನೀನು ದೂರದೂರಿಂದ ಕರೆ ಮಾಡಿದರೆ ಇಲ್ಲಿ ಯಾರೂ ಎತ್ತದೆಯೇ ಸ್ಪೀಕರ್ ತೆರೆದುಕೊಂಡು ಕೋಣೆಯ ಮಾತು ನಿನಗೆ ಕೇಳಿಸುತ್ತದೆ. ವಯಸ್ಸಾದವರು ಬಿದ್ದರೆ, ಎದ್ದರೆ ಎಂಬ ಕಾಳಜಿಯಿಂದ ಅದನ್ನು ಹಚ್ಚಿಡಬೇಕು ಎನ್ನಿಸಬಹುದು. ಕಾಳಜಿ ದೊಡ್ಡದೇ. ಆದರೆ ಅಜ್ಜಿಗೆ, ಅವ್ವನಿಗೆ ಹೇಳದೆ, ಅವರು ಹೂಂ ಅನ್ನದೆ ಹಚ್ಚಬೇಡ. ಸೊಸೆಯ ಹತ್ತಿರ, ನೆರೆಯವರ ಹತ್ತಿರ ಆಡಿದ ಮಾತು ಮೊಮ್ಮಗನಿಗೂ ಕೇಳಬೇಕಾದ್ದಲ್ಲ. ಅವರು ಸ್ಪೀಕರನ್ನು ಕೇಳಿದ್ದೆಲ್ಲ ಆ್ಯಪಿನಲ್ಲಿ ದಾಖಲಾಗಿರುತ್ತದೆ ಎಂಬುದನ್ನೂ ತೋರಿಸು, ಅಳಿಸುವುದು ಹೇಗೆಂದೂ ತೋರಿಸು.

ಇನ್ನು ನೀನು ಹೊರಡುವ ಹಿಂದಿನ ದಿನದ ಕೆಲಸ. ಊರಲ್ಲೇ ಇರುವವರ, ಅಣ್ಣನದೋ ವೈನಿಯದೋ ಫೋನಿನಲ್ಲಿ ಆ್ಯಪ್ ಹಾಕಿ, ಅವರದೇ ಖಾತೆಯಲ್ಲಿ ಸ್ಪೀಕರನ್ನು ಜೋಡಿಸು. ಆಮೇಲೆ ವೈನಿಯ ಕೈಲಿ ಒಮ್ಮೆ ಪೂರ್ತಿ ಮಾಡಿಸು. ರೂಟರಿನಲ್ಲಿ ಪಾಸ್‌ವರ್ಡ್ ಬದಲಿಸಿ ಸ್ಪೀಕರನ್ನು ಬೇಕೆಂದೇ ಹೊರಗೆ ನಿಲ್ಲಿಸು. ಸ್ಪೀಕರ್ ಎಕೋ ಡಾಟ್ ಆದರೆ ಮೇಲಿರುವ ಚುಕ್ಕಿಯ ಗುಂಡಿಯನ್ನು ಕಿತ್ತಳೆ ದೀಪ ಬರುವತನಕ ಒತ್ತಿ ಹಿಡಿಯಲಿ, ವಹಿಯಲ್ಲಿ ಬರೆದದ್ದನ್ನು ನೋಡಿ ಹೊಸ ಪಾಸ್‌ವರ್ಡ್ ತಾವೇ ಒತ್ತಲಿ. ತಡವಾಗುತ್ತದೆ, ಒಂದು ಅಕ್ಷರ ತಪ್ಪುತ್ತದೆ, ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ನೀನು ಫೋನ್ ಕಸಿದುಕೊಳ್ಳಬೇಡ, ಬಾಯಿಯಿಂದಷ್ಟೇ ಹೇಳು. ಎರಡನೆಯ ಸಲ ಮಾಡುವಾಗ ಬಾಯಿಯಿಂದಲೂ ಹೇಳಬೇಡ.

ಇಂತಿ ನಿನ್ನ ಹಿತ ಬಯಸುವ,
ಬೆಟಗೇರಿಯ ಕಾಕಾ